ಅಬದ್ದೋನ ಅಂದ್ರ ಯಾರು, ಅಬದ್ಧಕ್ಕೂ ಅವಂಗೂ ಏನರ ನಂಟು ಅದ ಏನ್ರಿ?

ಪ್ರಶ್ನೆ: ಸರ್, ನಮ್ಮ ಚರ್ಚಿನ್ಯಾಗ ಬೈಬಲ್ಲಿನ ಕಡೇ ಪುಸ್ತಕ ಪ್ರಕಟನೆಯ 9ನೇ ಅಧ್ಯಾಯ ಓದಿದ್ರು, ಅದರಾಗ ಮಿಡತಿ ದಂಡಿನ ರಾಜನ ಹೆಸರು ಇಬ್ರಿಯದಾಗ (ಹೀಬ್ರೂದಾಗ) ಅಬದ್ದೋನ ಅಂತ ಬಂತು. ನನಗ ನಮ್ಮ 'ಅಬದ್ಧ' ಇದ್ದಂಗ ಕೇಳಿಸ್ತು, ಗೆಳೆಯಾ ಒಬ್ಬಾಂವ ಇಲ್ಲ ಅದು ಹೈದರಾಬಾದಿನ 'ಆಬಾದ್' ಅಂತಾನ. ಯಾವುದು ಖರೆ?
– ಒಬ್ಬ ಓದುಗ, ಗದಗ-ಬೆಟಗೇರಿ

ಉತ್ತರ: ಎರಡೂ ಅಲ್ರಿ. ಅಬದ್ಧ ಸಂಸ್ಕೃತದ್ದು, ತಾಳ-ಮೇಳ ಇಲ್ಲದ ಮಾತು. ಆಬಾದ್ ಫಾರ್ಸಿ, ಮಂದಿ ನೆಲೆ ನಿಂತ ಊರು ಅಂತ ಅರ್ಥ, ಅಂದ್ರ ನಿಮ್ಮ ಗೆಳೆಯಾ ಪೂರಾ ಉಲ್ಟಾ ಹಿಡದಾನ. (ಬರಬಾದ್ ಆತು ಅಂತೀವಲ್ಲ, ಅದರಾಗಿನ 'ಬಾದ್' ಮತ್ತ ಬ್ಯಾರೆ, ಅದು ಗಾಳಿ, ಗಾಳಿಗೆ ಹಾರಿಹೋತು ಅಂದಂಗ.)

ಅಬದ್ದೋನದ ಬೇರು ಇಬ್ರಿಯದ ಮೂರು ಅಕ್ಷರ, ಆಲೆಫ್, ಬೇತ್, ದಾಲೆತ್. ಅಳಿ ಅನ್ನೋದಕ್ಕ 'ವು' ಹಚ್ಚಿ ನಾವು ಅಳಿವು ಮಾಡ್ತೀವಲ್ಲ, ಹಂಗ ಅವರು ಈ ಬೇರಿಗೆ 'ಓನ್' ಹಚ್ಚಿ ನಾಮಪದ ಮಾಡ್ಯಾರ. ಅರ್ಥ ನಾಶ ಅಂತ ಎಲ್ಲಾರೂ ಹೇಳ್ತಾರ, ಖರೇನ, ಆದ್ರ ನನಗ ಮಜಾ ಅನಿಸೋದು ಆ ಬೇರಿನ ಇನ್ನೊಂದು ಮುಖ. ಬೈಬಲ್ಲಿನ ಒಂದನೇ ಸಮುವೇಲ ಅನ್ನೋ ಪುಸ್ತಕದ 9ನೇ ಅಧ್ಯಾಯದಾಗ ಕೀಷ ಅನ್ನಾಂವನ ಕತ್ತೆಗಳು ಕಳದುಹೋಗ್ತಾವ, ಮಗ ಸೌಲ ಒಂದು ಆಳನ್ನ ಕರಕೊಂಡು ಗುಡ್ಡ ಸುತ್ತಿ ಸುತ್ತಿ ಹುಡುಕ್ತಾನ, ಚೀಲದಾಗಿನ ರೊಟ್ಟಿ ಮುಗದು ಆಳಿನ ಹತ್ರ ಚೂರು ಬೆಳ್ಳಿ ಅಷ್ಟ ಉಳದಿರ್ತದ, ಕಡೀಕ ಕತ್ತೆನೂ ಸಿಗ್ತಾವ, ಹುಡುಕಲಿಕ್ಕೆ ಹೋದಾಂವ ರಾಜನೂ ಆಗ್ತಾನ. ಆ ಕತ್ತೆ 'ಕಳದ್ವು' ಅನ್ನಲಿಕ್ಕೆ ಬಂದಿದ್ದು ಇದೇ ಬೇರು. ಇಬ್ರಿಯದಾಗ ಕಳೆದ ಸಾಮಾನಿಗೆ ಇವತ್ತಿಗೂ 'ಅವೇದಾ' ಅಂತಾರ.

ನಮ್ಮಲ್ಲೂ ಹಂಗ ಅಲ್ಲೇನ್ರಿ, ಬಸ್‌ಸ್ಟ್ಯಾಂಡಿನ್ಯಾಗ ಮೊಬೈಲ್ ಕಳಕೊಂಡೆ ಅಂತೀವಿ, ಸತ್ತ ಮನಿ ಮುಂದ ನಿಂತು 'ಪಾಪ, ಮಗನ್ನ ಕಳಕೊಂಡ್ರು' ಅಂತನೂ ಅಂತೀವಿ.

ಬೈಬಲ್ಲಿನ ಮೊದಲ ಭಾಗ ಹಳೇ ಒಡಂಬಡಿಕ್ಯಾಗ ಅಬದ್ದೋನ ಅನ್ನೋ ಶಬ್ದ ಬರೋದು ಆರೇ ಕಡೆ, ಯೋಬದಾಗ ಮೂರು, ಜ್ಞಾನೋಕ್ತಿಯಾಗ ಎರಡು, 88ನೇ ಕೀರ್ತನ್ಯಾಗ ಒಂದು. ಅಲ್ಲಿ ಅಂವ ಸೈತಾನನೂ ಅಲ್ಲ, ದೂತನೂ ಅಲ್ಲ, ಅದೊಂದು ಜಾಗಾ, ಷೆಯೋಲ್ ಅಂದ್ರ ಪಾತಾಳದ ಜೋಡಿ. ಜ್ಞಾನೋಕ್ತಿ 27ರಾಗ ಇವೆರಡಕ್ಕೂ ಎಷ್ಟು ಹಾಕಿದ್ರೂ ತೃಪ್ತಿ ಇಲ್ಲ, ಮನಷ್ಯಾನ ಕಣ್ಣಿಗೂ ಹಂಗ, ಅಂತ ಅದ. ಯೋಬ 28ಕ್ಕ ಬಂದ್ರ ಆ ಜಾಗಾಕ್ಕ ಬಾಯಿ ಬರ್ತದ, ಸಾವಿನ ಜೋಡಿ ಕೂಡಿ 'ಜ್ಞಾನದ ಸುದ್ದಿ ಕಿವೀಲೆ ಕೇಳೇವಿ ಅಷ್ಟ' ಅಂತದ. ಪ್ರಕಟನೆ ಬರೆಯೂ ಹೊತ್ತಿಗೆ ಅದೇ ಜಾಗಾ ಒಬ್ಬ ದೂತ ಆಗಿ, ಮಿಡತಿಗೆ ರಾಜ ಆಗಿ ಕುಂತದ.

ಗ್ರೀಕಿನ್ಯಾಗ ಅವಂಗ ಅಪೊಲ್ಲುವೋನ ಅಂತ ಹೆಸರು, ನಾಶ ಮಾಡಾಂವ. ಆ ಹೆಸರಿನ ಹಿಂದಿರೋ ಗ್ರೀಕ್ ಕ್ರಿಯಾಪದಕ್ಕೂ ಕಳಕೊಳ್ಳೋದು ಅಂತ ಅರ್ಥ ಅದ. ಲೂಕನ ಸುವಾರ್ತೆಯ 15ನೇ ಅಧ್ಯಾಯದಾಗ ನೂರು ಕುರಿಯೊಳಗ ಒಂದು ತಪ್ಪಿಸಿಕೊಂಡು, ಕುರುಬ ಅದನ್ನ ಹುಡುಕಿ ಹೆಗಲ ಮ್ಯಾಲ ಹೊತ್ತು ತರ್ತಾನಲ್ಲ, ಆ 'ಕಳೆದ' ಕುರಿಗೂ ಇದೇ ಕ್ರಿಯಾಪದ.