ಅಧ್ಯಕ್ಷರು ಕೊನೆಗೆ ಮಾತಾಡಲಿ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಸಹಕಾರಿ ಸಂಘದ ಕಾರ್ಯದರ್ಶಿ. ಸದಸ್ಯರಲ್ಲಿ ಮುಕ್ಕಾಲು ಪಾಲು ಅಡಿಕೆ ಬೆಳೆಗಾರರು. ಮುಂದಿನ ಮೂರು ವರ್ಷದ ಯೋಜನೆ ಮಾಡೋಣ ಅಂತ ಹೋದ ವರ್ಷ ಒಂದು ದಿನದ ಸಭೆ ಇಟ್ಟಿದ್ದೆವು. ಹೊರಗಿನಿಂದ ಬಂದವರೊಬ್ಬರು ಲ್ಯಾಪ್‌ಟಾಪ್ ಹಾಕಿ ಪಾಠ ಮಾಡಿದರು. ನಮ್ಮ ಬಲ, ದೌರ್ಬಲ್ಯ, ಅವಕಾಶ, ಅಪಾಯ ಅಂತ ನಾಲ್ಕು ಪಟ್ಟಿ ಬರೆಸಿದರು. ಒಟ್ಟು 42 ಅಂಶ ಬಂತು. ಫೈಲು ಈಗ ಬೀರುವಿನಲ್ಲಿದೆ. ಈ ಸಲ ಅಧ್ಯಕ್ಷರು ‘ನೀನೇ ನಡೆಸು ಮಾರಾಯ’ ಅಂದಿದ್ದಾರೆ. ಅವರು ಹಿರಿಯರು, ಒಳ್ಳೆಯವರು. ಆದರೆ ಅವರು ಒಂದು ಮಾತು ಆಡಿದರೆ ಉಳಿದ 12 ನಿರ್ದೇಶಕರೂ ಹೌದು ಹೌದು ಅನ್ನುತ್ತಾರೆ. ಇಬ್ಬರು ಮಹಿಳಾ ನಿರ್ದೇಶಕರಂತೂ ಬಾಯಿಯೇ ಬಿಡುವುದಿಲ್ಲ. ನಾನು ಹೇಗೆ ನಡೆಸಲಿ?

ಉತ್ತರ: ನಿಮ್ಮ ಪತ್ರದ ಕೊನೆಯ ಎರಡು ಸಾಲಿನಲ್ಲೇ ನಿಜವಾದ ತೊಂದರೆ ಇದೆ. 42 ಅಂಶದ ಪಟ್ಟಿಗಿಂತ ಅದು ದೊಡ್ಡದು. ಆ 42ರಲ್ಲಿ ಎಷ್ಟು ಅಂಶ ಅಧ್ಯಕ್ಷರದ್ದು, ಎಷ್ಟು ಹೊರಗಿನಿಂದ ಬಂದವರದ್ದು ಅಂತ ಒಮ್ಮೆ ಎಣಿಸಿ ನೋಡಿ. ಉಳಿದವರದ್ದು ಏನೂ ಇರದಿದ್ದರೆ ಅವರಿಗೆ ಆ ಫೈಲು ತೆಗೆಯುವ ಕಾರಣವೂ ಇರುವುದಿಲ್ಲ.

ನಮ್ಮ ಕಡೆ ಅಡಿಕೆ ಸುಲಿಯುವ ರಾತ್ರಿಗಳನ್ನು ನೆನಪು ಮಾಡಿಕೊಳ್ಳಿ. ಯಂತ್ರ ಬರುವ ಮೊದಲು ಚಪ್ಪರದ ಕೆಳಗೆ ಮೆಟ್ಟುಗತ್ತಿ ಹಾಕಿಕೊಂಡು ಹತ್ತು ಹದಿನೈದು ಜನ ಕೂರುತ್ತಿದ್ದರು. ಹೆಂಗಸರು, ಗಂಡಸರು, ಹುಡುಗರು ಎಲ್ಲರೂ ಮಾತಾಡುತ್ತಿದ್ದರು. ಯಾರ ತೋಟಕ್ಕೆ ಕೊಳೆ ರೋಗ ಬಂತು, ಯಾವ ಮಂಡಿಯವರು ತೂಕದಲ್ಲಿ ಸರಿ ಇಲ್ಲ, ಯಾರ ಮಗ ಬೆಂಗಳೂರಿನಿಂದ ವಾಪಸ್ ಬರುತ್ತಾನೆ, ಎಲ್ಲವೂ ಅಲ್ಲಿ ಬರುತ್ತಿತ್ತು. ಅದೇ ಜನ ಸಂಘದ ಮೀಟಿಂಗ್ ಹಾಲಿಗೆ ಬಂದರೆ ಸುಮ್ನೆ ಕೂರುತ್ತಾರೆ. ಅವರಿಗೆ ಮಾತು ಬರುವುದಿಲ್ಲ ಅಂತ ಅಲ್ಲ. ಚಪ್ಪರದಲ್ಲಿ ಎಲ್ಲರೂ ಒಂದೇ ಮಟ್ಟದಲ್ಲಿ ಕೂತಿರುತ್ತಿದ್ದರು, ಕೈಗೆ ಕೆಲಸ ಇರುತ್ತಿತ್ತು, ತಪ್ಪು ಹೇಳಿದರೂ ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಸಭೆ ನಡೆಸಿಕೊಡುವವರಾಗಿ ನೀವು ಮಾಡಬೇಕಾದದ್ದು ಇಷ್ಟೇ: ಆ ಚಪ್ಪರವನ್ನು ಒಂದು ದಿನದ ಮಟ್ಟಿಗೆ ಕಟ್ಟಿಕೊಡುವುದು.

ಅದಕ್ಕೆ ಕೆಲಸ ಸಭೆಗಿಂತ ಮೂರು ವಾರ ಮೊದಲೇ ಶುರುವಾಗಬೇಕು. 13 ನಿರ್ದೇಶಕರ ಮನೆಗೂ ಹೋಗಿ. ಫೋನು ಬೇಡ. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಮೂರೇ ಪ್ರಶ್ನೆ ಕೇಳಿ. ಸಂಘದ ಬಗ್ಗೆ ನಿಮಗೆ ಯಾವುದು ಚಿಂತೆ? ಮೂರು ವರ್ಷದಲ್ಲಿ ಒಂದೇ ಒಂದು ಕೆಲಸ ಆಗಬೇಕು ಅಂದರೆ ಯಾವುದಾಗಲಿ? ಈಗ ಮಾಡುತ್ತಿರುವುದರಲ್ಲಿ ಯಾವುದನ್ನು ಬಿಟ್ಟರೆ ನಷ್ಟವಿಲ್ಲ? ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಹೆಸರು ಹಾಕಬೇಡಿ, ಹಾಕುವುದಿಲ್ಲ ಅಂತ ಅವರಿಗೂ ಹೇಳಿ. ಮಹಿಳಾ ನಿರ್ದೇಶಕರ ಮನೆಗೆ ಹೋದಾಗ ಅವರ ಯಜಮಾನರೇ ಮುಂದೆ ಬಂದು ಉತ್ತರ ಕೊಡಬಹುದು. ಅವರ ಮಾತನ್ನೂ ಗೌರವದಿಂದ ಕೇಳಿ, ಆಮೇಲೆ ‘ಅಕ್ಕಾ, ನಿಮಗೆ ಏನನ್ನಿಸುತ್ತೆ?’ ಅಂತ ಅವರ ಕಡೆ ತಿರುಗಿ ಕೇಳಿ, ಕಾಯಿರಿ. ಅವರು ಬಾಯಿ ಬಿಡುವುದಿಲ್ಲ ಅಂತ ನೀವು ಬರೆದಿದ್ದೀರಿ. ಕೇಳಿ ಕಾದವರು ಎಷ್ಟು ಜನ ಇದ್ದಾರೆ?

ಅಧ್ಯಕ್ಷರ ಮನೆಗೆ ಕೊನೆಗೆ ಹೋಗಿ. ಅವರ ಹತ್ತಿರ ಒಂದು ಬೇಡಿಕೆ ಇಡಬೇಕು. ನಾನು ಹೇಳುವ ಮಾತು ಇದು: ‘ನೀವು ಮೊದಲು ಹೇಳಿಬಿಟ್ಟರೆ ಉಳಿದವರು ಅದಕ್ಕೇ ತಲೆಯಾಡಿಸುತ್ತಾರೆ. ಅವರ ಮನಸ್ಸಿನಲ್ಲಿ ಏನಿದೆ ಅಂತ ನಿಮಗೂ ಗೊತ್ತಾಗಬೇಕು ಅಲ್ವಾ? ಈ ಒಂದು ದಿನ ಎಲ್ಲರಿಗಿಂತ ಕೊನೆಗೆ ನೀವು ಮಾತಾಡಿ.’ ಬೇಡ ಅಂದ ಅಧ್ಯಕ್ಷರನ್ನು ನಾನು ಕಂಡಿರುವುದು ತುಂಬಾ ಕಡಿಮೆ. ಅವರನ್ನು ತಡೆಯುತ್ತಿದ್ದೇವೆ ಅನ್ನಿಸಬಾರದು, ಅವರಿಗೆ ಒಂದು ದೊಡ್ಡ ಪಾತ್ರ ಕೊಡುತ್ತಿದ್ದೇವೆ ಅನ್ನಿಸಬೇಕು. ಅದು ನಿಜವೂ ಹೌದು. ಇಡೀ ದಿನ ಸುಮ್ಮನೆ ಕೂತು ಕೇಳುವುದು ಹಿರಿಯರಿಗೆ ಸುಲಭದ ಕೆಲಸವಲ್ಲ.

ದಿನ ಯಾವುದು? ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ, ಸಮಯದಲ್ಲಿ ಬೇಡವೇ ಬೇಡ. ಅರ್ಧ ಜನರ ತಲೆ ಒಲೆಯ ಮೇಲೆ ಅಡಿಕೆ ಬೇಯುವ ಹಂಡೆಯಲ್ಲಿರುತ್ತದೆ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲೂ ಬೇಡ, ಮಳೆ ಬಿಡುವು ಕೊಟ್ಟ ದಿನ ಎಲ್ಲರೂ ತೋಟಕ್ಕೆ ಓಡಬೇಕು. ನನಗೆ ಕಂಡಂತೆ ಫೆಬ್ರವರಿ ಕೊನೆ ಒಳ್ಳೆಯದು. ಕೊಯ್ಲಿನ ಗಡಿಬಿಡಿ ಇಳಿದಿರುತ್ತದೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಯುವುದರಿಂದ, ಸಭೆಯಲ್ಲಿ ತೀರ್ಮಾನಿಸಿದ್ದಕ್ಕೆ ಹೊಸ ವರ್ಷದ ಬಜೆಟ್ಟಿನಲ್ಲಿ ದುಡ್ಡು ಇಡಬಹುದು. ದುಡ್ಡು ಇಡದ ಯೋಜನೆ ಬೀರುವಿಗೇ ಹೋಗುತ್ತದೆ. ಜಾಗ ಸಂಘದ ಬೋರ್ಡ್ ರೂಮು ಬೇಡ, ಅಲ್ಲಿ ಯಾರ ಕುರ್ಚಿ ಎಲ್ಲಿ ಅಂತ ಮೊದಲೇ ನಿಗದಿಯಾಗಿದೆ. ಶಾಲೆಯ ಹಾಲು ಸಾಕು, ಕುರ್ಚಿಗಳನ್ನು ದುಂಡಗೆ ಹಾಕಿ.

ನಿರ್ದೇಶಕರ ಜೊತೆ ಇನ್ನೂ ನಾಲ್ಕೈದು ಜನರನ್ನು ಕರೆಯಿರಿ. ತೂಕದ ಹತ್ತಿರ ನಿಲ್ಲುವ ನಿಮ್ಮ ಸಿಬ್ಬಂದಿ ಒಬ್ಬರು, ವಯಸ್ಸು ಮೂವತ್ತು ದಾಟದ ಬೆಳೆಗಾರರು ಒಬ್ಬಿಬ್ಬರು, ಸಂಘ ಬಿಟ್ಟು ಖಾಸಗಿ ಮಂಡಿಗೆ ಅಡಿಕೆ ಹಾಕುತ್ತಿರುವ ಸದಸ್ಯರು ಒಬ್ಬರು. ಈ ಕೊನೆಯವರನ್ನು ಕರೆಯುವುದಕ್ಕೆ ಕೆಲವರು ಮುಖ ಸಿಂಡರಿಸಬಹುದು. ಆದರೂ ಕರೆಯಿರಿ, ನಿಮಗೆ ಗೊತ್ತಿಲ್ಲದ ವಿಷಯ ಅವರ ಹತ್ತಿರ ಇದೆ. ಇದು ಕಾನೂನಿನ ಪ್ರಕಾರ ಆಡಳಿತ ಮಂಡಳಿ ಸಭೆ ಅಲ್ಲ, ವಿಚಾರ ಮಾಡುವ ಸಭೆ ಅಂತ ಮೊದಲೇ ಎಲ್ಲರಿಗೂ ಹೇಳಿ. ಠರಾವು ಆಮೇಲೆ ಆಡಳಿತ ಮಂಡಳಿಯಲ್ಲೇ ಆಗಬೇಕು.

ಬೆಳಿಗ್ಗೆ ಅರ್ಧ ಗಂಟೆ ಲೆಕ್ಕಕ್ಕೆ ಇಡಿ. ಐದು ವರ್ಷದ ಸದಸ್ಯರ ಸಂಖ್ಯೆ, ಠೇವಣಿ, ಸುಸ್ತಿ ಸಾಲ, ಸಂಘದ ಮೂಲಕ ಮಾರಾಟವಾದ ಅಡಿಕೆ, ಇಷ್ಟು ಒಂದೇ ಹಾಳೆಯಲ್ಲಿ ಸಾಕು. ಅದನ್ನು ಒಂದು ವಾರ ಮೊದಲೇ ಮನೆಗೆ ಕಳಿಸಿ. ನಿಮ್ಮ ಮನೆ ಭೇಟಿಯಲ್ಲಿ ಸಿಕ್ಕ ಮಾತುಗಳನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಕರೆಂಟನ್ನು ನಂಬಬೇಡಿ.

ಆಮೇಲೆ ದಿನದ ಮುಖ್ಯ ಕೆಲಸ. ಒಂದು ಪ್ರಶ್ನೆ ಬರೆಯಿರಿ, ಎಲ್ಲರಿಗೂ ಮೂರು ಚೀಟಿ ಕೊಡಿ, ಹತ್ತು ನಿಮಿಷ ಯಾರೂ ಮಾತಾಡದೆ ಬರೆಯಲಿ. ಒಂದು ಚೀಟಿಗೆ ಒಂದೇ ವಿಚಾರ. ಬರೆಯಲು ಹಿಂಜರಿಯುವವರಿಗೆ ನಿಮ್ಮ ಸಿಬ್ಬಂದಿ ಪಕ್ಕಕ್ಕೆ ಕೂತು ಬರೆದುಕೊಡಲಿ. ಆಮೇಲೆ ಸರದಿ ಪ್ರಕಾರ ಒಬ್ಬೊಬ್ಬರದು ಒಂದೊಂದೇ ಚೀಟಿ ಓದಿ ಗೋಡೆಗೆ ಹಚ್ಚಿ. ಎಲ್ಲ ಚೀಟಿ ಗೋಡೆಗೆ ಬರುವ ತನಕ ಚರ್ಚೆ ಇಲ್ಲ. ಇದಕ್ಕೆ ನಾಮಿನಲ್ ಗ್ರೂಪ್ ಟೆಕ್ನಿಕ್ ಅಂತ ಹೆಸರು. ಅಮೆರಿಕದ ಡೆಲ್ಬೆಕ್ ಮತ್ತು ವ್ಯಾನ್ ಡಿ ವೆನ್ ಅನ್ನುವವರು ಸುಮಾರು 1970ರ ಹೊತ್ತಿಗೆ ರೂಪಿಸಿದ್ದು. ಇದು ಏಕೆ ಕೆಲಸ ಮಾಡುತ್ತದೆ ಅನ್ನುವುದಕ್ಕೂ ಆಧಾರ ಇದೆ. ಒಟ್ಟಿಗೆ ಕೂತು ಬಾಯಿಂದ ವಿಚಾರ ಹೇಳುವ ಗುಂಪಿಗಿಂತ, ಅಷ್ಟೇ ಜನ ಬೇರೆ ಬೇರೆಯಾಗಿ ಯೋಚಿಸಿದಾಗ ಜಾಸ್ತಿ ವಿಚಾರ ಬರುತ್ತದೆ ಅಂತ ಡೀಲ್ ಮತ್ತು ಸ್ಟ್ರೋಬ ಅನ್ನುವ ಇಬ್ಬರು 1987ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಾಗ ಮರೆಯುತ್ತದೆ, ಇಲ್ಲವೇ ನಂದು ಬೇಡ ಅನ್ನಿಸುತ್ತದೆ. ನಿಮ್ಮ ಸಭೆಯಲ್ಲಿ ಆಗುವುದೂ ಅದೇ.

ಪ್ರಶ್ನೆ ಹೇಗಿರಬೇಕು ಅನ್ನುವುದಕ್ಕೆ ಸಮಯ ಕೊಡಿ. ‘ಸಂಘದ ಅಭಿವೃದ್ಧಿ ಹೇಗೆ?’ ಅಂತ ಕೇಳಿದರೆ ಕಟ್ಟಡ, ಕಂಪ್ಯೂಟರ್, ಗೋದಾಮು ಅಂತ ಬರುತ್ತದೆ. ಅದರ ಬದಲು ಹೀಗೆ ಕೇಳಿ: ‘ಎಲೆಚುಕ್ಕಿ ರೋಗದಿಂದ ಫಸಲು ಅರ್ಧಕ್ಕೆ ಇಳಿದರೂ ಸದಸ್ಯರು ನಮ್ಮ ಸಂಘ ಬಿಟ್ಟು ಹೋಗಬಾರದು. ಅದಕ್ಕೆ ಮುಂದಿನ ಮೂರು ವರ್ಷದಲ್ಲಿ ನಾವು ಏನು ಮಾಡಬೇಕು?’ ಈ ಪ್ರಶ್ನೆ ಕೇಳಿದರೆ ಹಾಲಿನಲ್ಲಿ ಕೂತ ಎಲ್ಲರಿಗೂ ತಮ್ಮ ತೋಟ ಕಣ್ಣ ಮುಂದೆ ಬರುತ್ತದೆ. ಆಗ ಬರುವ ಉತ್ತರವೇ ಬೇರೆ.

ಹದಿನೆಂಟು ಜನ ಅಂದರೆ ಐವತ್ತರ ಹತ್ತಿರ ಚೀಟಿ ಆಗುತ್ತದೆ. ಒಂದೇ ಥರದವನ್ನು ಒಟ್ಟು ಮಾಡುವ ಕೆಲಸ ನೀವು ಮಾಡಬೇಡಿ, ಅವರಿಗೇ ಬಿಡಿ. ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಕಣ್ಣಳತೆಯಲ್ಲೇ ವಿಂಗಡಿಸುವ ಜನ ಅವರು. ಎಂಟು ಹತ್ತು ಗುಂಪು ಆಗುತ್ತದೆ. ಊಟಕ್ಕೆ ಮೊದಲು ಇಷ್ಟು ಮುಗಿಯಲಿ.

ಊಟದ ನಂತರ ಆಯ್ಕೆ. ಇಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಬೇಕು. ತುಂಬಾ ವರ್ಷದ ಹಿಂದೆ ಒಂದು ಮಹಿಳಾ ಒಕ್ಕೂಟದ ಸಭೆಯಲ್ಲಿ ನಿಮಗೆ ಬೇಕಾದ ವಿಷಯಕ್ಕೆ ಬಿಂದಿ ಹಚ್ಚಿ ಅಂತ ಎಲ್ಲರ ಎದುರೇ ಹೇಳಿದೆ. ಎಲ್ಲರೂ ಎದ್ದರು, ನಿಂತರು, ಕಾದರು. ಪದಾಧಿಕಾರಿಯೊಬ್ಬರು ಹಚ್ಚಿದ ಕಡೆಯೇ ಸಾಲಾಗಿ ಎಲ್ಲ ಬಿಂದಿ ಬಿತ್ತು. ಒಮ್ಮತ ಬಂತು ಅಂತ ನಾನು ಖುಷಿಪಟ್ಟೆ. ಸಂಜೆ ಲೋಟ ತೊಳೆಯುವಾಗ ಒಬ್ಬರು ಹತ್ತಿರ ಬಂದು ‘ನಮಗೆ ಬೇಕಾಗಿದ್ದು ಅದಲ್ಲ ಮೇಡಂ’ ಅಂದರು. ಅವತ್ತು ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ಬೇರೆ ಏನೂ ಯೋಚನೆ ಬರಲಿಲ್ಲ. ಆ ದಿನದಿಂದ ನಾನು ಬಹಿರಂಗವಾಗಿ ಮತ ಹಾಕಿಸಿಲ್ಲ.

ನೀವು ಒಬ್ಬೊಬ್ಬರಿಗೆ ಐದು ಅಡಿಕೆ ಕೊಡಿ. ಗುಂಪಿಗೊಂದು ಮುಚ್ಚಿದ ಡಬ್ಬಿ, ಮುಚ್ಚಳಕ್ಕೆ ತೂತು, ಮೇಲೆ ವಿಷಯದ ಚೀಟಿ. ಡಬ್ಬಿಗಳನ್ನು ಪಕ್ಕದ ಕೋಣೆಯಲ್ಲಿಡಿ. ಒಬ್ಬೊಬ್ಬರೇ ಹೋಗಿ ಹಾಕಿ ಬರಲಿ. ಒಂದಕ್ಕೇ ಐದೂ ಹಾಕಬಹುದು, ಹಂಚಲೂಬಹುದು. ಹಳ್ಳಿಗಳಲ್ಲಿ ಬೀಜ, ಕಲ್ಲು ಇಟ್ಟು ಜನರಿಂದಲೇ ಆದ್ಯತೆ ಎಣಿಸುವ ಕ್ರಮ ಹೊಸದಲ್ಲ. ರಾಬರ್ಟ್ ಚೇಂಬರ್ಸ್ ಅವರಂಥವರು ಬರೆದು ಪ್ರಚಾರ ಮಾಡಿದ ಸಹಭಾಗಿ ಗ್ರಾಮೀಣ ಸಮೀಕ್ಷೆಯಲ್ಲಿ ಇದು ಇದೆ, ನಮ್ಮ ರಾಜ್ಯದಲ್ಲಿ ಮೈರಾಡ ಸಂಸ್ಥೆಯವರು ಇಂಥ ಕ್ರಮಗಳನ್ನು ಹಳ್ಳಿಗಳಲ್ಲಿ ಬಳಸಿದ್ದಾರೆ. ಅಧ್ಯಕ್ಷರಿಗೂ ಐದೇ ಅಡಿಕೆ. ಎಲ್ಲರ ಎದುರು ಡಬ್ಬಿ ಸುರಿದು ಎಣಿಸಿ.

ಮೂರೇ ವಿಷಯ ಉಳಿಸಿಕೊಳ್ಳಿ. ನಾಲ್ಕನೆಯದು ಎಷ್ಟು ಚೆನ್ನಾಗಿದ್ದರೂ ಈ ಮೂರು ವರ್ಷಕ್ಕೆ ಬೇಡ. ಈಗ ಅಧ್ಯಕ್ಷರು ಮಾತಾಡಲಿ. ಬೆಳಿಗ್ಗೆಯಿಂದ ಎಲ್ಲ ಕೇಳಿದ ಮೇಲೆ ಅವರ ಮಾತಿನ ತೂಕವೂ ಬೇರೆ ಇರುತ್ತದೆ.

ಇನ್ನೊಂದು ಕೆಲಸ ಬಾಕಿ. ಗ್ಯಾರಿ ಕ್ಲೈನ್ ಅನ್ನುವ ಮನಃಶಾಸ್ತ್ರಜ್ಞರು 2007ರಲ್ಲಿ ಬರೆದ ಉಪಾಯ ಇದು: ಮೂರು ವರ್ಷ ಕಳೆದಿದೆ, ಯೋಜನೆ ಪೂರ್ತಿ ಸೋತಿದೆ ಅಂತ ಅಂದುಕೊಂಡು ಕಾರಣ ಬರೆಯುವುದು. ನಮ್ಮಲ್ಲಿ ಇದನ್ನು ನೇರ ಕೇಳಿದರೆ ಶುರುವಿನಲ್ಲೇ ಅಪಶಕುನ ಯಾಕೆ ಅನ್ನುತ್ತಾರೆ. ಅದಕ್ಕೆ ನಾನು ಬೇರೆ ಥರ ಕೇಳುತ್ತೇನೆ. ಬೇಲಿ ಹಾಕುವ ಮೊದಲು ಮಂಗ ಯಾವ ಮರದಿಂದ ಇಳಿಯುತ್ತೆ, ಹಂದಿ ಯಾವ ಕಡೆಯಿಂದ ನುಗ್ಗುತ್ತೆ ಅಂತ ನೋಡುತ್ತೇವಲ್ಲ. ಈ ಯೋಜನೆಗೆ ಮಂಗ ಎಲ್ಲಿಂದ? ಆಗ ಜನ ನಿಜ ಹೇಳುತ್ತಾರೆ. ಮುಂದಿನ ಚುನಾವಣೆಯಲ್ಲಿ ಮಂಡಳಿ ಬದಲಾದರೆ, ಧಾರಣೆ ಬಿದ್ದರೆ, ಇಬ್ಬರು ನಿರ್ದೇಶಕರ ನಡುವಿನ ಮುನಿಸು ಹಾಗೇ ಉಳಿದರೆ. ಈ ಕೊನೆಯದನ್ನು ಬೇರೆ ಯಾವ ಪಟ್ಟಿಯಲ್ಲೂ ಯಾರೂ ಬರೆಯುವುದಿಲ್ಲ.

ಮೂರು ವಿಷಯಕ್ಕೂ ಒಬ್ಬೊಬ್ಬರ ಹೆಸರು, ತಿಂಗಳು, ಅಂದಾಜು ಖರ್ಚು ಬರೆದು ಎದ್ದೇಳಿ. ಹೆಸರಿನ ಜಾಗದಲ್ಲಿ ‘ಸಮಿತಿ’ ಅಂತ ಬರೆಯಬೇಡಿ. ಮುಂದಿನ ಮಂಡಳಿ ಸಭೆಯಲ್ಲಿ ಠರಾವು ಮಾಡಿಸಿ, ಅಲ್ಲಿಂದ ಮುಂದೆ ಪ್ರತಿ ತಿಂಗಳ ಅಜೆಂಡಾದಲ್ಲಿ ಮೊದಲ ವಿಷಯ ಇದೇ ಇರಲಿ, ಹದಿನೈದು ನಿಮಿಷ.

ನೀವೇ ನಡೆಸಬಹುದಾ ಅಂದರೆ, ನಡೆಸಬಹುದು. ಆದರೆ ನಿಮಗೂ ಸಂಘದ ಬಗ್ಗೆ ಅಭಿಪ್ರಾಯ ಇದೆ, ಅದು ನಿಮ್ಮ ಹೊಟ್ಟೆಪಾಡು. ಚೀಟಿ ಬರೆಯಲು ನಿಮಗೂ ಅವಕಾಶ ಬೇಕು. ಹಾಗಾಗಿ ಪಕ್ಕದ ಸಂಘದ ಕಾರ್ಯದರ್ಶಿ ಜೊತೆ ಮುಯ್ಯಾಳು ಮಾಡಿಕೊಳ್ಳಿ. ನಿಮ್ಮದು ಅವರು ನಡೆಸಲಿ, ಅವರದು ನೀವು ನಡೆಸಿಕೊಡಿ. ಮನೆ ಭೇಟಿಗೆ ಮಾತ್ರ ನೀವೇ ಹೋಗಿ.

ಪ್ರಶ್ನೆ: ಸಾಗರದ ಹತ್ತಿರ ನಮ್ಮ ಸ್ವಸಹಾಯ ಸಂಘಗಳ ಒಕ್ಕೂಟ ಇದೆ. ಯೋಜನೆ ಸಭೆ ಶುರುವಾದ ಅರ್ಧ ಗಂಟೆಗೆ ಹಳೇ ಸಾಲದ ಜಗಳ ಎದ್ದಿತು. ಸಭೆ ಅಲ್ಲಿಗೇ ನಿಂತಿತು. ಮುಂದಿನ ಸಲ ಆ ವಿಷಯ ಎತ್ತಬಾರದು ಅಂತ ನಿಯಮ ಮಾಡಬಹುದಾ?

ಉತ್ತರ: ಬೇಡ ತಂಗೀ. ಆ ಜಗಳಕ್ಕೆ ಕೂರಲು ಬೇರೆ ಜಾಗ ಸಿಕ್ಕಿಲ್ಲ, ಅದಕ್ಕೇ ಇಲ್ಲಿ ಬಂದು ಕೂತಿದೆ. ಯೋಜನೆ ಸಭೆಗೆ ಎರಡು ವಾರ ಮೊದಲು ಅದಕ್ಕೆಂದೇ ಒಂದು ಸಭೆ ಕರೆಯಿರಿ. ಪುಸ್ತಕ ತೆರೆದಿಟ್ಟು, ಜಗಳದ ಎರಡೂ ಕಡೆಯವರನ್ನು ಕೂರಿಸಿ, ಲೆಕ್ಕ ಬರೆದವರನ್ನೂ ಕರೆದು ಓದಿಸಿ. ಪೂರ್ತಿ ಬಗೆಹರಿಯದಿದ್ದರೂ ಎಷ್ಟು ಬಾಕಿ, ಯಾರು ಯಾವಾಗ ಕಟ್ಟುತ್ತಾರೆ ಅನ್ನುವುದು ಬರವಣಿಗೆಗೆ ಬರಲಿ. ಆಮೇಲೂ ಯೋಜನೆ ಸಭೆಯಲ್ಲಿ ಯಾರಾದರೂ ಎತ್ತಿದರೆ ಬಾಯಿ ಮುಚ್ಚಿಸಬೇಡಿ. ಗೋಡೆಯ ಒಂದು ಮೂಲೆಯಲ್ಲಿ ಬೇರೆ ಹಾಳೆ ಅಂಟಿಸಿ ಅದರಲ್ಲಿ ಅವರ ಮಾತನ್ನು ಅವರೆದುರೇ ಬರೆಯಿರಿ, ಯಾವ ದಿನ ಅದನ್ನು ಕೈಗೆತ್ತಿಕೊಳ್ಳುತ್ತೇವೆ ಅಂತ ತಾರೀಕು ಹಾಕಿ. ಆ ತಾರೀಕಿಗೆ ಖಂಡಿತ ಕೂರಬೇಕು. ಒಮ್ಮೆ ತಪ್ಪಿದರೆ ಆ ಹಾಳೆಯನ್ನು ಇನ್ನೊಮ್ಮೆ ಯಾರೂ ನಂಬುವುದಿಲ್ಲ.

ಪ್ರಶ್ನೆ: ತೀರ್ಥಹಳ್ಳಿ ಕಡೆ ನಾವು ಒಂದು ಶಾಲೆ ನಡೆಸುತ್ತೇವೆ. ಟ್ರಸ್ಟಿನವರು ಕೂತು ‘ನಮ್ಮ ಧ್ಯೇಯ’ ಅನ್ನುವ ಒಂದು ವಾಕ್ಯ ಬರೆಯಲು ಹೋಗಿ ಮಧ್ಯಾಹ್ನದವರೆಗೂ ಅದರಲ್ಲೇ ಕಳೆದೆವು. ಏನು ಮಾಡೋದು?

ಉತ್ತರ: ಹನ್ನೆರಡು ಜನ ಸೇರಿ ಒಂದು ವಾಕ್ಯ ಬರೆಯಲು ಆಗುವುದಿಲ್ಲ ಸರ್. ಅದರಲ್ಲಿ ಯಾವ ಮಾತುಗಳು ಇರಲೇಬೇಕು ಅಂತ ಮಾತ್ರ ಎಲ್ಲರೂ ಸೇರಿ ಹೇಳಿ, ಇಪ್ಪತ್ತು ನಿಮಿಷ ಸಾಕು. ವಾಕ್ಯ ಕಟ್ಟುವುದನ್ನು ಇಬ್ಬರಿಗೆ ಒಪ್ಪಿಸಿ. ಆ ಇಬ್ಬರಲ್ಲಿ ಒಬ್ಬರು ನಿಮ್ಮ ಶಾಲೆಯ ಕನ್ನಡ ಮೇಷ್ಟ್ರಾಗಿರಲಿ. ಅವರು ಬರೆದದ್ದನ್ನು ಏಳನೇ ಕ್ಲಾಸಿನ ಮಗುವಿಗೆ ಓದಲು ಕೊಡಿ, ಅರ್ಥವಾಗದ ಪದ ಇದ್ದರೆ ತೆಗೆಯಿರಿ. ಉಳಿದ ಅರ್ಧ ದಿನವನ್ನು ಮುಂದಿನ ಜೂನಿಗೆ ಒಂದನೇ ಕ್ಲಾಸಿಗೆ ಎಷ್ಟು ಮಕ್ಕಳು ಬರುತ್ತಾರೆ, ಬಸ್ಸಿನ ಖರ್ಚು ಹೇಗೆ ತೂಗಿಸುವುದು ಅನ್ನುವುದಕ್ಕೆ ಇಟ್ಟುಕೊಳ್ಳಿ.