ಮೆಕ್‌ಪಿ2 ಪ್ರೋಟೀನ್ ಮೆದುಳಿನಲ್ಲಿ ಏನು ಮಾಡುತ್ತದೆ?

ನರಕೋಶದಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನೋದನ್ನು ಹತೋಟಿಯಲ್ಲಿಡುವ ಪ್ರೋಟೀನ್ ಇದು. ಡಿಎನ್‌ಎ ಮೇಲೆ ಅಲ್ಲಲ್ಲಿ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳಿರುತ್ತವೆ. ಮೆಕ್‌ಪಿ2 ಅವಕ್ಕೆ ಅಂಟಿಕೊಂಡು, ಬೇರೆ ಪ್ರೋಟೀನ್‌ಗಳನ್ನೂ ಕರೆತಂದು, ಆ ಜಾಗದ ಜೀನ್‌ಗಳನ್ನು ತಗ್ಗಿಸುತ್ತದೆ. ಪೂರ್ತಿ ಬಂದ್ ಮಾಡುವುದಕ್ಕಿಂತ ರೇಡಿಯೋ ವಾಲ್ಯೂಮ್ ಇಳಿಸಿದ ಹಾಗೆ.

ಇದರ ಜೀನ್ ಕೆಟ್ಟರೆ ರೆಟ್ ಸಿಂಡ್ರೋಮ್ ಬರುತ್ತದೆ ಎಂದು 1999ರಲ್ಲಿ ವಿಜ್ಞಾನಿ ಹುದಾ ಜೋಗ್ಬಿ ಅವರ ತಂಡ ತೋರಿಸಿತು. ಬಹುತೇಕ ಹೆಣ್ಣುಮಕ್ಕಳಿಗೇ ಬರುವ ಕಾಯಿಲೆ. ಮೊದಲ ಕೆಲವು ತಿಂಗಳು ಮಗು ಚೆನ್ನಾಗಿಯೇ ಬೆಳೆಯುತ್ತದೆ. ಆಮೇಲೆ ಕಲಿತ ಮಾತು ಹೋಗುತ್ತದೆ. ಆಟಿಕೆ ಹಿಡಿಯುತ್ತಿದ್ದ ಕೈಗಳು ಒಂದನ್ನೊಂದು ಹಿಂಡುತ್ತಲೇ ಇರುತ್ತವೆ. ಕರುಳು ಕಿತ್ತು ಬರುವಂಥ ನೋಟ. ಈ ಪ್ರೋಟೀನ್ ಜಾಸ್ತಿಯಾದರೂ ತೊಂದರೆಯೇ.

ಆದರೆ ರೆಟ್ ಸಿಂಡ್ರೋಮ್‌ನಲ್ಲಿ ನರಕೋಶಗಳು ಸತ್ತಿರುವುದಿಲ್ಲ, ಇದು ಮುಖ್ಯ. 2007ರಲ್ಲಿ ಏಡ್ರಿಯನ್ ಬರ್ಡ್ ತಂಡ ಇಲಿಗಳಲ್ಲಿ ಈ ಜೀನನ್ನು ಮತ್ತೆ ಚಾಲೂ ಮಾಡಿದಾಗ ಕಾಯಿಲೆಯ ಲಕ್ಷಣಗಳು ಬಹಳಷ್ಟು ಇಳಿದವು.