ಬಯಲಲ್ಲಿ ಓಡುವ ಕ್ರಷರ್ ಬೆಲ್ಟ್ ಒಂದೂವರೆ ವರ್ಷಕ್ಕೇ ಬಿರುಕು ಬಿಡುತ್ತಿದೆ. ರಬ್ಬರ್ ಬಿಸಿಲಿಗೆ ತಡೆಯುವುದಿಲ್ಲವಾ?

ನಿಮ್ಮದು ಜಲ್ಲಿ, ಎಂ-ಸ್ಯಾಂಡ್ ಕ್ರಷರ್. ಕಲ್ಲು ಸಾಗಿಸುವ ಐದು ಬೆಲ್ಟ್, ಯಾವುದಕ್ಕೂ ಮೇಲೆ ಸೂರಿಲ್ಲ. ಹಾಕಿದ ಒಂದೂವರೆ ವರ್ಷಕ್ಕೆ ಅಡ್ಡಡ್ಡ ಬಿರುಕು ಬಂದಿವೆ. "ರಬ್ಬರ್ ಬಿಸಿಲಿಗೆ ಆಗಲ್ಲ, ಪಿವಿಸಿ ಹಾಕಿ" ಅಂತ ಯಾರೋ ಹೇಳಿದ್ದಾರೆ, ಹಾಕಲಾ ಅಂತ ಕೇಳಿದ್ದೀರಿ.

ಹಾಕಬೇಡಿ. ಪಿವಿಸಿ ಬೆಲ್ಟ್ ಪೆಟ್ಟಿಗೆ, ಬಿಸ್ಕತ್ತು, ಮೂಟೆ ಸಾಗಿಸುವುದಕ್ಕೆ ಚೆನ್ನ. ಚೂಪು ಅಂಚಿನ ಕಲ್ಲು ಮೇಲಿಂದ ಬೀಳುವ ಜಾಗಕ್ಕಲ್ಲ. ಮಳೆಯಲ್ಲಿ ಜಾರುವುದೂ ಜಾಸ್ತಿ. ಇನ್ನು ರಬ್ಬರ್ ಬಿಸಿಲಿಗೆ ಆಗಲ್ಲ ಅನ್ನುವ ಮಾತು: ಪಶ್ಚಿಮ ಸಹಾರದ ಬೂ ಕ್ರಾ ಫಾಸ್ಫೇಟ್ ಗಣಿಯಿಂದ ಸಮುದ್ರದ ದಡಕ್ಕೆ ಸುಮಾರು 98 ಕಿ.ಮೀ. ಉದ್ದದ ಬೆಲ್ಟ್ ಸಾಲು 1970ರ ದಶಕದಿಂದ ಮರುಭೂಮಿಯಲ್ಲಿದೆ. ಅದೂ ರಬ್ಬರೇ. ನಮ್ಮ ಸಂಡೂರು ಕಡೆಯಿಂದ ತೋರಣಗಲ್ಲಿಗೆ ಅದಿರು ತರುವ, ಬೆಲ್ಟನ್ನೇ ಕೊಳವೆಯಂತೆ ಸುತ್ತಿದ ಪೈಪ್ ಕನ್ವೇಯರ್ ಇದೆಯಲ್ಲ, ಸುಮಾರು 24 ಕಿ.ಮೀ., ಅಲ್ಲೂ ರಬ್ಬರೇ. ಬಳ್ಳಾರಿ ಬಿಸಿಲು ಏನು ಕಮ್ಮಿಯಾ?

ನಾನು ಹಲವು ವರ್ಷ ಸಂಡೂರು ಕಡೆಯ ಒಂದು ಅದಿರು ಪ್ಲಾಂಟ್‌ನಲ್ಲಿ ಮೆಕ್ಯಾನಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ. ಬಿರುಕಿನ ವಿಷಯ ನನಗೆ ಅರ್ಥವಾಗಿದ್ದು ಪ್ಲಾಂಟ್ ಓಡುತ್ತಿದ್ದಾಗಲ್ಲ, ನಿಂತಾಗ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ನಮ್ಮ ಬೆಲ್ಟ್‌ಗಳು ಇದ್ದಲ್ಲೇ ನಿಂತವು. ನಾಲ್ಕು ದಿನದಲ್ಲಿ ಶುರುವಾಗುತ್ತದೆ ಅಂದುಕೊಂಡು ಯಾರೂ ಟೆನ್ಷನ್ ಸಡಿಲ ಮಾಡಲಿಲ್ಲ. ತಿಂಗಳುಗಟ್ಟಲೆ ಆದಮೇಲೆ ಹೋಗಿ ನೋಡಿದರೆ, ಎರಡು ತುದಿಯ ದೊಡ್ಡ ಉರುಳೆಗಳನ್ನು, ಅಂದರೆ ಮಾಲು ಇಳಿಯುವ ಕಡೆಯ ಹೆಡ್ ಪುಲ್ಲಿ, ಹತ್ತುವ ಕಡೆಯ ಟೇಲ್ ಪುಲ್ಲಿಗಳನ್ನು ಸುತ್ತಿಕೊಂಡಿದ್ದ ಭಾಗದಲ್ಲಿ ಬೆರಳುಗುರು ಹೋಗುವಷ್ಟು ಅಡ್ಡ ಬಿರುಕು. ಅದೇ ಬೆಲ್ಟ್, ಅದೇ ಬಿಸಿಲು, ರೋಲರ್ ಮೇಲೆ ಚಪ್ಪಟೆಯಾಗಿ ಮಲಗಿದ್ದ ಭಾಗ ಬರೀ ಬೂದು ಬಣ್ಣಕ್ಕೆ ತಿರುಗಿತ್ತು, ಅಷ್ಟೇ.

ಕಾರಣ ಓಝೋನ್. ಗಾಳಿಯಲ್ಲಿ ಅದು ತೀರಾ ಸ್ವಲ್ಪ. ಆದರೆ ಎಳೆದು ಹಿಡಿದ ರಬ್ಬರ್ ಸಿಕ್ಕಿದರೆ ಎಳೆತಕ್ಕೆ ಅಡ್ಡಲಾಗಿ ಸೀಳುತ್ತದೆ. ಸಡಿಲವಾಗಿರುವ ರಬ್ಬರಿನಲ್ಲಿ ಹಾಗೆ ಸೀಳು ಬರುವುದಿಲ್ಲ. ನಂಬಿಕೆ ಬರದಿದ್ದರೆ ಒಂದು ರಬ್ಬರ್ ಬ್ಯಾಂಡನ್ನು ಡಬ್ಬಕ್ಕೆ ಬಿಗಿಯಾಗಿ ಹಾಕಿ ಕಿಟಕಿಯಲ್ಲಿಡಿ, ಇನ್ನೊಂದನ್ನು ಪಕ್ಕದಲ್ಲಿ ಸುಮ್ನೆ ಇಡಿ. ಯಾವುದು ಮೊದಲು ತುಂಡಾಗುತ್ತದೆ ನೋಡಿ. ಬಿಸಿಲು ರಬ್ಬರನ್ನು ಗಡುಸು ಮಾಡುತ್ತದೆ, ನಿಜ. ಆದರೆ ಕಪ್ಪು ಬೆಲ್ಟಿನೊಳಗೆ ಇರುವ ಕಾರ್ಬನ್ ಬ್ಲ್ಯಾಕ್ ಅನ್ನುವ ಮಸಿಯಂಥ ಪುಡಿ ಬಿಸಿಲಿನ ಹೊಡೆತವನ್ನು ಬಹಳ ಮಟ್ಟಿಗೆ ತಡೆಯುತ್ತದೆ.

ಹಾಗಾಗಿ ಹೊಸ ಬೆಲ್ಟ್ ತರುವ ಮುಂಚೆ ಹಳೆಯದನ್ನು ಓದಿ. ಬಿರುಕು ಒಂದೆರಡು ಜಾಗದಲ್ಲಿ ಗುಂಪಾಗಿದೆಯಾ? ಆ ಜಾಗಗಳ ನಡುವೆ ಹೆಡ್ ಪುಲ್ಲಿಯಿಂದ ಟೇಲ್ ಪುಲ್ಲಿಗೆ ಇರುವಷ್ಟೇ ಅಂತರ ಇದೆಯಾ? ಹಾಗಿದ್ದರೆ ನಿಮ್ಮ ಬೆಲ್ಟ್ ಬಹಳ ಕಾಲ ಒಂದೇ ಕಡೆ ನಿಂತಿತ್ತು ಅಂತ ಅರ್ಥ. ಉದ್ದಕ್ಕೂ ಒಂದೇ ಸಮ ಸಣ್ಣ ಅಡ್ಡ ಬಿರುಕು ಇದ್ದರೆ ಬೆಲ್ಟಿನ ರಬ್ಬರೇ ಕಳಪೆ ಇರಬಹುದು, ಇಲ್ಲವೇ ಪುಲ್ಲಿಗೆ ಹೋಲಿಸಿದರೆ ಬೆಲ್ಟ್ ದಪ್ಪ ಜಾಸ್ತಿ ಇರಬಹುದು. ಈ ಎರಡನೆಯದು ಯಾರಿಗೂ ಹೊಳೆಯುವುದಿಲ್ಲ. ಬಿರುಕು ಬಂತು ಅಂತ ನಾಲ್ಕು ಪ್ಲೈ, ಅಂದರೆ ಒಳಗೆ ನಾಲ್ಕು ಪದರ ಬಟ್ಟೆ ಇರುವುದನ್ನು ತೆಗೆದು ಐದು ಪ್ಲೈ ಹಾಕುತ್ತಾರೆ. ಸಣ್ಣ ಟೇಲ್ ಪುಲ್ಲಿ ಮೇಲೆ ದಪ್ಪ ಬೆಲ್ಟ್ ಬಗ್ಗುವಾಗ ಮೇಲಿನ ರಬ್ಬರ್ ಇನ್ನೂ ಜಾಸ್ತಿ ಹಿಗ್ಗುತ್ತದೆ, ಇನ್ನೂ ಬೇಗ ಒಡೆಯುತ್ತದೆ. ಎಷ್ಟು ಪ್ಲೈಗೆ ಕನಿಷ್ಠ ಎಷ್ಟು ವ್ಯಾಸದ ಪುಲ್ಲಿ ಬೇಕು ಅನ್ನುವುದು ಬೆಲ್ಟ್ ಕಂಪನಿಯ ಕ್ಯಾಟಲಾಗ್‌ನಲ್ಲೇ ಇರುತ್ತದೆ, ಕೇಳಿ ಪಡೆಯಿರಿ.

ಉದ್ದುದ್ದ ಗೆರೆ ಬಿದ್ದಿದ್ದರೆ ಅದು ಮಾಲು ಚೆಲ್ಲದಂತೆ ಪಕ್ಕದಲ್ಲಿ ಹಾಕುವ ಸ್ಕರ್ಟ್ ರಬ್ಬರ್ ಸಂದಿಗೆ ಸಿಕ್ಕ ಕಲ್ಲಿನ ಕೆಲಸ. ಅಂಚು ನಾರು ನಾರಾಗಿದ್ದರೆ ಬೆಲ್ಟ್ ಪಕ್ಕಕ್ಕೆ ಓಡಿ ಫ್ರೇಮಿಗೆ ಉಜ್ಜುತ್ತಿದೆ. ಊದಿಕೊಂಡು ಮೆತ್ತಗಾಗಿದ್ದರೆ ಗ್ರೀಸೋ ಡೀಸೆಲ್ಲೋ ಬಿದ್ದಿದೆ. ಇವು ಯಾವುದಕ್ಕೂ ಬಿಸಿಲನ್ನು ಬೈಯಬೇಡಿ.

ತರುವಾಗ ಬರೀ "800 ಎಂಎಂ, ನಾಲ್ಕು ಪ್ಲೈ" ಅಂದರೆ ಸಾಲದು. ಭಾರತೀಯ ಮಾನಕ ಐಎಸ್ 1891ರ ಪ್ರಕಾರ ಎಂ-24 ಗ್ರೇಡ್ ಅಂತ ಹೇಳಿ. ಮೇಲಿನ ರಬ್ಬರಿಗೆ ಎಳೆತ ತಡೆಯುವ ಬಲ ಕನಿಷ್ಠ 24 ಮೆಗಾಪಾಸ್ಕಲ್ ಇರಬೇಕು ಅಂತ ಅದರ ಅರ್ಥ. ಎನ್-17 ಅಂದರೆ 17. ಮರಳಿಗೆ ಎನ್-17 ನಡೆಯುತ್ತದೆ. ಕಲ್ಲನ್ನು ಮೊದಲು ಒಡೆಯುವ ಪ್ರೈಮರಿ ಕ್ರಷರ್ ಕೆಳಗಿನ ಬೆಲ್ಟಿಗೆ ಎಂ-24 ಬಿಟ್ಟು ಬೇರೆ ತರಬೇಡಿ. ಒಳಗಿನ ಬಟ್ಟೆ ಇಪಿ, ಅಂದರೆ ಪಾಲಿಯೆಸ್ಟರ್-ನೈಲಾನ್ ಇರಲಿ. ಪೂರ್ತಿ ನೈಲಾನಿನದು ನೀರು ಜಾಸ್ತಿ ಹೀರುತ್ತದೆ, ಜಾಸ್ತಿ ಉದ್ದವೂ ಆಗುತ್ತದೆ. ಓಝೋನ್ ತಡೆಯುವ ಕೆಮಿಕಲ್ ಮತ್ತು ಮೇಣ ರಬ್ಬರಿಗೆ ಸೇರಿಸಿದ್ದಾರಾ ಕೇಳಿ. ಟೆಸ್ಟ್ ಸರ್ಟಿಫಿಕೇಟ್ ಕೊಡದವನ ಹತ್ತಿರ ವ್ಯಾಪಾರ ಬೇಡ. ಹಳೇ ಟೈರಿನ ರಬ್ಬರ್ ಬೆರೆಸಿದ ಬೆಲ್ಟ್ ಹೊರಗಿನಿಂದ ಅಷ್ಟೇ ಕಪ್ಪಗೆ, ಅಷ್ಟೇ ಮಿಂಚುತ್ತಿರುತ್ತದೆ.

ಅಂದಹಾಗೆ, ಹೊಸ ಬೆಲ್ಟಿನ ಮೇಲೆ ಬೂಷ್ಟು ಹಿಡಿದಂತೆ ಬಿಳಿ ಮಸುಕು ಕಂಡರೆ ಹಳೇ ಮಾಲು ಅಂತ ಜಗಳಕ್ಕೆ ಹೋಗಬೇಡಿ. ಅನೇಕ ಸಲ ಅದು ಓಝೋನ್ ತಡೆಯಲು ಸೇರಿಸಿದ ಆ ಮೇಣವೇ ಮೇಲಕ್ಕೆ ಬಂದಿರುವುದು. ನಮ್ಮ ಹುಡುಗನೊಬ್ಬ ಅದನ್ನು ಡೀಸೆಲ್ ಬಟ್ಟೆಯಲ್ಲಿ ಫಳಫಳ ಹೊಳೆಯುವಂತೆ ಒರೆಸಿಟ್ಟಿದ್ದ. ಶಹಬ್ಬಾಸ್ ಅಂತ ಬೆನ್ನು ತಟ್ಟಿದ್ದೂ ನಾನೇ, ಆಗ ನನಗೂ ಗೊತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಬಯಲಿನ ಬೆಲ್ಟಿಗೆ ಬಿಸಿಲಿಗಿಂತ ಮಳೆ ಕಷ್ಟ. ಒದ್ದೆ ಡಸ್ಟ್ ಬೆಲ್ಟಿಗೆ ಅಂಟಿಕೊಂಡು ಹಿಂದಕ್ಕೆ ಬರುತ್ತದೆ, ಕೆಳಗಿನ ರೋಲರ್‌ಗಳಿಗೆ ಮೆತ್ತಿ ಗಟ್ಟಿಯಾಗುತ್ತದೆ. ರೋಲರ್ ಗುಂಡಗಿನ ಆಕಾರ ಕಳೆದುಕೊಂಡರೆ ಬೆಲ್ಟ್ ಪಕ್ಕಕ್ಕೆ ಓಡುತ್ತದೆ. ಹೆಡ್ ಪುಲ್ಲಿ ಹತ್ತಿರ ಅಂಟಿದ್ದನ್ನು ಕೆರೆದು ತೆಗೆಯುವ ಒಳ್ಳೇ ಸ್ಕ್ರೇಪರ್, ಟೇಲ್ ಪುಲ್ಲಿ ಮುಂದೆ ಬೆಲ್ಟಿನ ಒಳಮೈಗೆ ಬಿದ್ದ ಕಲ್ಲನ್ನು ಪಕ್ಕಕ್ಕೆ ತಳ್ಳುವ ಒಂದು ವಿ-ಪ್ಲೌ ಹಾಕಿಸಿ. ಪುಲ್ಲಿ ನೀರಿನಲ್ಲಿ ಜಾರಿದಾಗ ನಮ್ಮವರು ಮೊದಲು ಮಾಡುವುದು ಟೇಕ್‌ಅಪ್ ಸ್ಕ್ರೂ ಬಿಗಿ ಮಾಡುವುದು. ಮಳೆ ನಿಂತ ಮೇಲೆ ಸಡಿಲ ಮಾಡಲು ಮರೆಯುತ್ತಾರೆ. ಆಮೇಲೆ ಇಡೀ ಬೇಸಿಗೆ ಬೆಲ್ಟ್ ಬಿಗಿದುಕೊಂಡೇ ಓಡುತ್ತದೆ. ನಿಮ್ಮ ಬಿರುಕಿಗೆ ಇದೂ ಕಾರಣ ಇರಬಹುದು. ಸರಿಯಾದ ದಾರಿ ಮೋಟಾರು ತಿರುಗಿಸುವ ಡ್ರೈವ್ ಪುಲ್ಲಿಗೆ ಗೀರು ಇರುವ ರಬ್ಬರ್ ಹೊದಿಕೆ, ಅಂದರೆ ಲ್ಯಾಗಿಂಗ್ ಮಾಡಿಸುವುದು, ಬೆಲ್ಟ್ ಪುಲ್ಲಿಯನ್ನು ಇನ್ನಷ್ಟು ಸುತ್ತಿಕೊಳ್ಳುವಂತೆ ಸ್ನಬ್ ಪುಲ್ಲಿ ಕೊಡುವುದು. ಓಡುತ್ತಿರುವ ಪುಲ್ಲಿಗೆ ಕೈಯಿಂದ ಪುಡಿ ಎರಚುವ ಅಭ್ಯಾಸ ನಿಮ್ಮಲ್ಲಿದ್ದರೆ ಇವತ್ತೇ ನಿಲ್ಲಿಸಿ. ಕೈ ಒಳಗೆ ಎಳೆದುಕೊಳ್ಳಲು ಅದಕ್ಕೆ ಒಂದು ಕ್ಷಣ ಸಾಕು.

ಬೆಲ್ಟಿನ ತುದಿಗಳನ್ನು ಲೋಹದ ಕ್ಲಿಪ್ಪಿನಿಂದ ಸೇರಿಸುವ ಕ್ಲಿಪ್ ಜಾಯಿಂಟ್ ತುರ್ತಿಗೆ ಸರಿ. ಅದನ್ನೇ ವರ್ಷಗಟ್ಟಲೆ ಬಿಟ್ಟರೆ ತೂತುಗಳಲ್ಲಿ ನೀರು ಇಳಿದು ಪ್ಲೈ ಬಿಚ್ಚಿಕೊಳ್ಳುತ್ತದೆ. ಕಾಯಿಸಿ ಬೆಸೆಯುವ ಹಾಟ್ ಜಾಯಿಂಟ್ ಮಾಡಿಸಿ, ಮಳೆ ಬರುವ ಮುಂಚೆ.

ಸೂರು ಹಾಕಲಾ ಅಂತಲೂ ಕೇಳಿದ್ದೀರಿ. ದೊಡ್ಡ ಶೆಡ್ ಬೇಡ. ಬೆಲ್ಟ್ ಮೇಲೆ ಅರ್ಧ ವೃತ್ತಾಕಾರದ ಜಿಐ ಶೀಟ್ ಹುಡ್ ಸಾಕು. ಧೂಳಿನ ಕಾರಣಕ್ಕೆ ಮಾಲಿನ್ಯ ಮಂಡಳಿಯವರು ಹೇಗೂ ಮುಚ್ಚಿ ಅನ್ನುತ್ತಾರೆ. ಖಾಲಿ ಬೆಲ್ಟ್ ಗಾಳಿಗೆ ಎದ್ದು ಮಗುಚುವುದೂ ತಪ್ಪುತ್ತದೆ. ಹುಡ್ ಕೂರಿಸುವಾಗ ಬೆಲ್ಟ್ ಮೇಲೆ ವೆಲ್ಡಿಂಗ್ ಕಿಡಿ ಬೀಳದಂತೆ ನೋಡಿಕೊಳ್ಳಿ. ಕಿಡಿ ಒಳಗೊಳಗೇ ಕನಲಿ, ಅನೇಕ ಸಲ ಬೆಲ್ಟ್ ಬೆಂಕಿ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಹೊತ್ತಿಕೊಳ್ಳುತ್ತದೆ.

ಕೆಲಸ ಇಲ್ಲದೆ ವಾರಗಟ್ಟಲೆ ನಿಲ್ಲಿಸಿದರೆ ಮೊದಲು ಮಾಲು ಖಾಲಿ ಮಾಡಿ, ಟೇಕ್‌ಅಪ್ ಸಡಿಲ ಬಿಡಿ. ವಾರಕ್ಕೊಮ್ಮೆ ಬಿಗಿ ಮಾಡಿ ಹತ್ತು ನಿಮಿಷ ಖಾಲಿ ಓಡಿಸಿ, ಮತ್ತೆ ಸಡಿಲಿಸಿ. ಪ್ರತಿ ಸಲ ಬೇರೆ ಜಾಗದಲ್ಲಿ ನಿಲ್ಲಲಿ. ಸ್ಪೇರ್ ಬೆಲ್ಟಿನ ರೋಲನ್ನು ನೆರಳಲ್ಲಿ, ನೆಲಕ್ಕೆ ತಾಗದಂತೆ ನಡುವೆ ಪೈಪ್ ತೂರಿಸಿ ನೇತುಹಾಕಿ. ವೆಲ್ಡಿಂಗ್ ಮಷಿನ್ ಪಕ್ಕದಲ್ಲಂತೂ ಬೇಡ, ಅದರ ಕಣ್ಣು ಕುಕ್ಕುವ ಬೆಳಕಿನಿಂದಲೂ ಓಝೋನ್ ಹುಟ್ಟುತ್ತದೆ.

ಬಿರುಕಿನ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೊ ಹಾಕಿ. ಜೊತೆಗೆ ಟೇಲ್ ಪುಲ್ಲಿಯ ವ್ಯಾಸ, ಬೆಲ್ಟಿನ ದಪ್ಪ ಬರೆಯಿರಿ. ಕಳೆದ ಮಳೆಗಾಲದಲ್ಲಿ ಎಷ್ಟು ದಿನ ನಿಲ್ಲಿಸಿದ್ದಿರಿ ಅನ್ನುವುದನ್ನೂ ತಿಳಿಸಿ. ಮುಂದಿನದು ಆಮೇಲೆ ನೋಡೋಣ.